ಫೋಟೊದವನ ಮಗಳು

ಬಸ್ಸು ಬರುವುದಕ್ಕೆ ಇನ್ನೂ ಅರ್ಧ ಗಂಟೆಯಿದೆ ಎಂದು ಗೊತ್ತಿದ್ದೂ ಹಿಸಾನೊ ಕಲ್ಲುದಾರಿಯ ಬುಡಕ್ಕೆ ಬಂದು ನಿಂತಿದ್ದಳು. ನಿಂತ ಮೇಲೆ, ಇಷ್ಟು ಬೇಗ ಬಂದರೆ ಅವರಿಗಾಗಿ ಹಾತೊರೆದು ಕಾಯುತ್ತಿರುವ ಹಾಗೆ ಕಾಣುತ್ತದಲ್ಲ ಅನ್ನಿಸಿ, ನೋಡುವವರು ಯಾರೂ ಇಲ್ಲದಿದ್ದರೂ, ದಾರಿಯ ಫಲಕ ಒರೆಸಲೆಂದೇ ಬಂದವಳಂತೆ ಕರವಸ್ತ್ರ ತೆಗೆದು ಅದರ ಮೇಲಿನ ಇಬ್ಬನಿ ಒರೆಸಿದಳು. ಒರೆಸಿ ಮುಗಿಸುವಷ್ಟರಲ್ಲಿ ತನ್ನ ಮೇಲೆಯೇ ಸಿಟ್ಟು ಬಂತು. ಅರವತ್ತಾರು ವರ್ಷದ ಹೆಂಗಸು, ಹತ್ತೊಂಬತ್ತು ವರ್ಷಗಳಿಂದ ಜನರನ್ನು ಈ ದಾರಿಯಲ್ಲಿ ನಾಚಿ ಎಂಬ ಜಲಪಾತದವರೆಗೆ ನಡೆಸಿಕೊಂಡು ಹೋಗುವವಳು, ಯಾವ ಕಲ್ಲು ಮಳೆಯಲ್ಲಿ ಜಾರುತ್ತದೆ, ಯಾವುದು ಬಿಸಿಲಿನಲ್ಲೂ ಜಾರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವಳು, ಆರು ಜನ ಮುದುಕ ಮುದುಕಿಯರಿಗಾಗಿ ಫಲಕ ಒರೆಸುತ್ತ ನಿಂತಿದ್ದಾಳೆ. ಗೈಡುಗಳ ಸಂಘದ ಇಪ್ಪತ್ತೆರಡು ಜನರಲ್ಲಿ ಕೈಯಲ್ಲಿ ಚೀಟಿ ಇಲ್ಲದೆ ಮಾತಾಡುವವಳು ತಾನೊಬ್ಬಳೇ ಎಂಬುದನ್ನು ಅವಳು ಯಾರೆದುರೂ ಆಡಿಕೊಂಡವಳಲ್ಲ; ಆಡಿಕೊಳ್ಳದೆ ಇರುವುದರಲ್ಲೂ ಅವಳಿಗೆ ಹೆಮ್ಮೆಯಿತ್ತು. ಆದರೆ ನಾಲ್ಕು ದಿನಗಳ ಹಿಂದೆ ಸಂಘದ ಮುಖ್ಯಸ್ಥ ಹಾಮಾದಾ ಮೇಜಿನ ಮೇಲಿಂದ ಪಟ್ಟಿ ಮುಂದಕ್ಕೆ ತಳ್ಳಿದಾಗ, ಮೇಲುಗಡೆ 'ಬಂದರಿನ ಪ್ರಾಥಮಿಕ ಶಾಲೆ, ಹಳೆಯ ಸಹಪಾಠಿಗಳ ಕೂಟ' ಎಂದೂ, ಕೆಳಗೆ ಮೊದಲ ಹೆಸರಾಗಿ ತೊಮಿಯೆ ಎಂದೂ ಇದ್ದುದನ್ನು ಓದಿ, ಅವಳ ಕಿವಿಯ ಹಿಂದೆ ಬಿಸಿಯೇರಿತ್ತು. ಹಾಮಾದಾ ಅವಳ ಮುಖ ನೋಡದೆಯೇ ಹೇಳಿದ್ದ: "ಕೆಳಗಿನ ಬಂದರಿನವರು. ಊರಿನವರಿಗೆ ಊರು ತೋರಿಸೋದು ರಗಳೆ, ಉಯಿ ಅವರೇ. ತಪ್ಪು ಹುಡುಕ್ತಾರೆ. ಬೇಕಾದ್ರೆ ಬೇರೆ ಯಾರಿಗಾದ್ರೂ ಹೇಳ್ತೀನಿ." ಬೇಡ, ನಾನೇ ಹೋಗ್ತೀನಿ ಅಂದಿದ್ದಳು. ಅಂದ ದನಿ ಬೇಕಾದ್ದಕ್ಕಿಂತ ಗಟ್ಟಿಯಾಗಿತ್ತು. ಹಾಮಾದಾ ತಲೆಯೆತ್ತಿ ನೋಡುವಷ್ಟು.

ಅವರಿಗೆ ತನ್ನ ಗುರುತು ಹತ್ತಲಾರದು. ಉಯಿ ಎಂಬುದು ಗಂಡನ ಮನೆಯ ಹೆಸರು. ಆ ಶಾಲೆಯಲ್ಲಿ ಅವಳು ಓದಿದ್ದೇ ಮೂರು ವರ್ಷ. ತಾಯಿ ತೀರಿಕೊಂಡ ಮೇಲೆ ಅಪ್ಪ ಅವಳನ್ನು ಬಂದರಿನಲ್ಲಿದ್ದ ದೊಡ್ಡಮ್ಮನ ಮನೆಗೆ ಬಿಟ್ಟಿದ್ದ. ಆರನೇ ತರಗತಿ ಮುಗಿದ ಮೇಲೆ ಅವಳು ಮತ್ತೆ ಬೆಟ್ಟಕ್ಕೆ ವಾಪಸು ಬಂದಿದ್ದಳು. ಐವತ್ತನಾಲ್ಕು ವರ್ಷ. ಅಷ್ಟು ಕಾಲದಲ್ಲಿ ಒಂದು ಮುಖ ಎಷ್ಟು ಸಲ ಬದಲಾಗುತ್ತದೆ. ಹಾಗೆಂದುಕೊಂಡರೂ ಬಸ್ಸು ತಿರುವಿನಲ್ಲಿ ಕಂಡಾಗ ಟೋಪಿಯನ್ನು ಹಣೆಯ ಮೇಲೆ ಇನ್ನಷ್ಟು ಕೆಳಕ್ಕೆ ಎಳೆದುಕೊಂಡಳು.

ಮೊದಲು ಇಳಿದವನು ಮೊರಿಕಾಜು. ತರಗತಿಯ ಅತಿ ಸಣ್ಣ ಹುಡುಗ ಈಗ ಬಸ್ಸಿನ ಬಾಗಿಲಿಗೆ ಅಡ್ಡಡ್ಡ ತಿರುಗಿ ಇಳಿಯಬೇಕಾದಷ್ಟು ಅಗಲವಾಗಿದ್ದ. ನಲವತ್ತು ವರ್ಷ ಮೀನಿನ ಹರಾಜುಕಟ್ಟೆಯಲ್ಲಿ ಕೂಗಿ ಒಡೆದುಹೋದ ಗಂಟಲು. ಅವನ ಹಿಂದೆ ಇನ್ನೊಬ್ಬ ಗಂಡಸು, ಮೂವರು ಹೆಂಗಸರು, ಕೊನೆಗೆ ತೊಮಿಯೆ. ಹಿಸಾನೊಗೆ ಯಾರೂ ತೋರಿಸಬೇಕಾಗಿರಲಿಲ್ಲ. ಬಣ್ಣ ಹಚ್ಚದ ಬಿಳಿ ಕೂದಲು, ಕೈಯಲ್ಲಿ ಊರುಗೋಲು, ಆದರೆ ಬೆನ್ನು ಅದೇ ಬೆನ್ನು. ಗೋಡೆಗೆ ಒರಗಿಸಿಟ್ಟ ಹಲಗೆಯ ಹಾಗೆ. ತರಗತಿಯಲ್ಲಿ ಮೇಷ್ಟ್ರು ಒಳಗೆ ಬಂದಾಗ 'ಎದ್ದು ನಿಲ್ಲಿ' ಎಂದು ಹೇಳುವವಳು ಅವಳು. ಅವಳು ಹೇಳಿದರೆ ಎಲ್ಲರೂ ಏಳುತ್ತಿದ್ದರು, ಮೇಷ್ಟ್ರು ಬರದಿದ್ದರೂ. ಅವಳ ಅಪ್ಪ ಕೈಫುಕು ಎಂಬ ದೊಡ್ಡ ಟ್ಯೂನಾ ಹಡಗಿನಲ್ಲಿ ಬಲೆ ಹಗ್ಗಗಳ ಮೇಸ್ತ್ರಿ. ವರ್ಷಗಟ್ಟಲೆ ಊರಿನಲ್ಲಿರುತ್ತಿರಲಿಲ್ಲ, ಆ ಇಲ್ಲದಿರುವಿಕೆಯೇ ಅವಳಿಗೆ ಕಿರೀಟದ ಹಾಗಿತ್ತು.

"ಗೈಡಮ್ಮ, ನಮಗೇನೂ ಜಾಸ್ತಿ ವಿವರಿಸೋದು ಬೇಡ," ಎಂದ ಮೊರಿಕಾಜು. "ಹುಟ್ಟಿದಾಗಿಂದ ಈ ನೀರೇ ಕುಡಿದಿದೀವಿ. ಸುಮ್ನೆ ದಾರಿ ತಪ್ಪದ ಹಾಗೆ ನೋಡ್ಕೊಳ್ಳಿ ಸಾಕು."

"ನೀನು ಕುಡಿದದ್ದು ನೀರೇನೋ," ಎಂದಳು ಕೆಂಪು ಟೋಪಿಯ ಹೆಂಗಸು. ಎಲ್ಲರೂ ನಕ್ಕರು.

ಹಿಸಾನೊ ಬಾಗಿ ನಮಸ್ಕರಿಸಿದಳು. ತೊಮಿಯೆ ಮಾತ್ರ ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಓದಿ, ಮುಖವನ್ನು ಒಂದು ಕ್ಷಣ ನೋಡಿ, ಕೋಲಿನ ತುದಿಯಿಂದ ಮೊದಲ ಕಲ್ಲನ್ನು ತಟ್ಟಿದಳು. ಗಟ್ಟಿ ಇದೆಯೋ ಇಲ್ಲವೋ ಎಂದು ಪರೀಕ್ಷಿಸುವಂತೆ. ಅದು ಹಿಸಾನೊಗೆ ತನ್ನನ್ನೇ ತಟ್ಟಿದ ಹಾಗಾಯಿತು.

ದಾರಿಯ ಎರಡೂ ಬದಿಯಲ್ಲಿ ಎಂಟುನೂರು ವರ್ಷದ ದೇವದಾರುಗಳು. ನಡುವೆ ಪಾಚಿ ಹಿಡಿದ ಇನ್ನೂರ ಅರವತ್ತೇಳು ಕಲ್ಲುಮೆಟ್ಟಿಲು. ಹಿಸಾನೊ ಹೇಳತೊಡಗಿದಳು, ಹೇಳುತ್ತಿದ್ದಂತೆ ದನಿ ತಾನಾಗಿ ತನ್ನ ಜಾಗಕ್ಕೆ ಬಂದು ಕೂತಿತು. ಚಕ್ರವರ್ತಿಗಳು ನಡೆದ ದಾರಿ ಇದು, ಅವರ ಹಿಂದೆ ಅಕ್ಕಿಮೂಟೆ ಹೊತ್ತವರೂ ನಡೆದರು, ಕುಷ್ಠರೋಗಿಗಳೂ ನಡೆದರು, ಈ ಕಲ್ಲುಗಳ ನಡುಭಾಗ ಸವೆದು ಬಿದ್ದಿರುವ ಗುಂಡಿ ಯಾವ ದೊರೆಯ ಕಾಲಿನದೂ ಅಲ್ಲ, ಹೊರೆ ಹೊತ್ತವರ ಕಾಲಿನದು. ಬೇಡ ಅಂದಿದ್ದ ಮೊರಿಕಾಜು ಎರಡನೇ ತಿರುವಿನಲ್ಲಿ ಸುಮ್ಮನಾಗಿ ಕೇಳತೊಡಗಿದ. ಅದನ್ನು ಅವಳು ಬೆನ್ನಿನಿಂದಲೇ ಗುರುತಿಸಿದಳು. ಜನ ಕೇಳತೊಡಗಿದಾಗ ಅವರ ಹೆಜ್ಜೆಯ ಸದ್ದು ಬದಲಾಗುತ್ತದೆ. ಮತ್ತೆ ಆಗಲೇ, ಯಾಕೆಂದು ತನಗೇ ಹೊಳೆಯದ ಹಾಗೆ, ತನ್ನ ಕಾಲು ಚುರುಕಾದದ್ದನ್ನೂ ಅವಳು ಗಮನಿಸಿದಳು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಹೆಜ್ಜೆಯೇ ಗೈಡಿನ ಹೆಜ್ಜೆ ಎಂದು ಹೊಸಬರಿಗೆ ಪಾಠ ಹೇಳುವವಳು ಅವಳು. ಹಿಂದೆ ಕೋಲಿನ ಟಕ್ ಟಕ್ ಮೊದಲು ಮೂರು ಮೆಟ್ಟಿಲಿಗೊಮ್ಮೆ, ಆಮೇಲೆ ಎರಡಕ್ಕೊಮ್ಮೆ, ಆಮೇಲೆ ಪ್ರತಿ ಮೆಟ್ಟಿಲಿಗೂ ಕೇಳಿಸತೊಡಗಿತು. ನಿಲ್ಲಬೇಕು. ನಿಲ್ಲಿ ಎಂದು ಅವಳು ಕೇಳಲಿ, ಆಗ ನಿಲ್ಲುತ್ತೇನೆ. ಒಮ್ಮೆಯಾದರೂ ಆ ಬಾಯಿಂದ ಸ್ವಲ್ಪ ನಿಲ್ಲಿ ಎಂಬ ಮಾತು ಬರಲಿ.

ಶಾಲೆಯ ಉದ್ದ ಪಡಸಾಲೆಯಲ್ಲಿ, ಮಳೆ ಬಂದು ಹೊರಗೆ ಬಿಡದ ದಿನ, ಮೊರಿಕಾಜು ಜಲಪಾತದ ಫೋಟೊದವನ ನಕಲು ಮಾಡುತ್ತಿದ್ದ. ಬಂದರಿನ ಮಕ್ಕಳಿಗೆಲ್ಲ ಅವನು ಗೊತ್ತು. ತೋಳಿಗೆ ನಂಬರಿನ ಪಟ್ಟಿ ಕಟ್ಟಿಕೊಂಡು, ಬಸ್ಸಿನಿಂದ ಇಳಿದವರ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಎರಡೂ ಕೈ ಬೀಸಿ 'ನಗಿ, ನಗಿ, ನೀರೇ ನಗ್ತಾ ಇದೆ ನೋಡಿ' ಎಂದು ಕೂಗುವ ಮನುಷ್ಯ. ಬಸ್ಸು ಹೊರಡುವುದರೊಳಗೆ ತೊಳೆದ ಫೋಟೊ ಹಿಡಿದು ಕಿಟಕಿ ಕಿಟಕಿಗೆ ಓಡುವವನು. ಮೊರಿಕಾಜುವಿನ ನಕಲು ಸರಿಯಿರಲಿಲ್ಲ. ಅವನು ಕೈಯನ್ನು ತೀರಾ ಮೇಲಕ್ಕೆತ್ತುತ್ತಿದ್ದ. ಆ ಮನುಷ್ಯ ಕೈಯೆತ್ತುವುದು ಭುಜದ ಮಟ್ಟಕ್ಕೆ, ಕೈ ಎತ್ತುವ ಮೊದಲು ತೋಳಿನ ಪಟ್ಟಿಯನ್ನೊಮ್ಮೆ ಮೇಲಕ್ಕೆಳೆದುಕೊಳ್ಳುತ್ತಾನೆ. ಹಾಗಲ್ಲ, ಹೀಗೆ, ಎಂದು ಹಿಸಾನೊ ಮುಂದೆ ಬಂದು ಮಾಡಿ ತೋರಿಸಿದ್ದಳು. ಇಡೀ ಪಡಸಾಲೆ ನಗೆಯಿಂದ ತುಂಬಿಹೋಗಿತ್ತು. ತೊಮಿಯೆಯೊಬ್ಬಳು ನಕ್ಕಿರಲಿಲ್ಲ, ಕಿಟಕಿಯ ಬಳಿ ನಿಂತು ಅವಳನ್ನೇ ನೋಡುತ್ತಿದ್ದಳು. ಅದು ಅಹಂಕಾರ ಎಂದು ಹಿಸಾನೊ ಅಂದು ತಿಳಿದಿದ್ದಳು. ಯಾವುದಕ್ಕೂ ನಗದಿರುವ ಅಹಂಕಾರ. ಆ ಫೋಟೊದವನು ಶಿಯೊಜಾಕಿ ಕುಮಾಜಿ, ಹಿಸಾನೊಳ ಅಪ್ಪ. ತರಗತಿಯಲ್ಲಿ ಅವಳು ಬೇರೆ ಹೇಳಿದ್ದಳು: ನಮ್ಮಪ್ಪ ಹಡಗಿನಲ್ಲಿದ್ದಾನೆ, ಕೈಫುಕುವಿನಲ್ಲಿ. ಅರ್ಧ ತರಗತಿಯ ಅಪ್ಪಂದಿರು ಹಡಗಿನಲ್ಲಿರುವ ಊರಿನಲ್ಲಿ ಅದು ಬಹಳ ಸುಲಭದ ಸುಳ್ಳು. ಯಾರೂ ಅಪ್ಪಂದಿರನ್ನು ತೋರಿಸು ಅನ್ನುತ್ತಿರಲಿಲ್ಲ.

ಕೋಲಿನ ಸದ್ದು ನಿಂತಿತು.

ತಿರುಗಿ ನೋಡಿದರೆ ತೊಮಿಯೆ ಮೆಟ್ಟಿಲ ಮೇಲೆ ಕೂತಿದ್ದಳು. ಕೂತದ್ದಲ್ಲ, ಕುಸಿದದ್ದು, ಒಂದು ಕಾಲು ಕೆಳಗಿನ ಮೆಟ್ಟಿಲಿಗೆ ಜಾರಿ, ಅಂಗೈ ಕಲ್ಲಿಗೆ ಉಜ್ಜಿ ಸಣ್ಣದಾಗಿ ರಕ್ತ ಒಸರುತ್ತಿತ್ತು. ಮುಖ ಕಾಗದದ ಹಾಗೆ ಬಿಳಿಚಿಕೊಂಡಿತ್ತು. ಉಸಿರು ಎದೆಯ ಮೇಲ್ಭಾಗದಲ್ಲೇ ಬಂದು ಬಂದು ಹೋಗುತ್ತಿತ್ತು. ಹಿಸಾನೊ ಓಡಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಗುಂಪಿನಲ್ಲಿ ಯಾರೂ ಬಿದ್ದಿರಲಿಲ್ಲ. ಚೀಲದಿಂದ ನೀರು, ಹತ್ತಿ, ಪಟ್ಟಿ ತೆಗೆದಳು. ಅಂಗೈಯ ಗಾಯಕ್ಕೆ ನೀರು ಸುರಿಯುತ್ತಿದ್ದಂತೆ, ಇವಳನ್ನು ಬೀಳಿಸಿದವಳು ನಾನು, ಬೇಕೆಂದೇ ಬೀಳಿಸಿದೆ, ಎಂಬುದು ಅವಳಿಗೆ ತಿಳಿಯಿತು.

"ನೀವೆಲ್ಲ ಮುಂದೆ ಹೋಗಿ," ಎಂದಳು ತೊಮಿಯೆ ಉಳಿದವರಿಗೆ. ದನಿಯಲ್ಲಿ ಉಸಿರಿರಲಿಲ್ಲ, ಆದರೆ ಅಧಿಕಾರವಿತ್ತು. "ತಿರುವಿನಲ್ಲಿ ಬೆಂಚಿದೆ. ಅಲ್ಲಿ ಕೂತ್ಕೊಳ್ಳಿ. ಮೊರಿ, ಹೋಗು ಅಂದ್ರೆ ಹೋಗಬೇಕು."

"ಹೋದೆ ಮಾರಾಯ್ತಿ. ಸಾಯಬೇಡ."

ಅವರು ತಿರುವು ದಾಟಿದ ಮೇಲೆ ತೊಮಿಯೆ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದ ಕೈಯನ್ನು ಹಿಂದಕ್ಕೆಳೆದುಕೊಳ್ಳದೆ ಹೇಳಿದಳು:

"ಸ್ವಲ್ಪ ನಿಧಾನ ನಡಿ, ಹಿಸಾ."

ಐವತ್ತನಾಲ್ಕು ವರ್ಷದಿಂದ ಯಾರೂ ಅವಳನ್ನು ಹಿಸಾ ಎಂದು ಕರೆದಿರಲಿಲ್ಲ. ಹಿಸಾನೊ ಪಟ್ಟಿಯ ಗಂಟನ್ನು ಬಿಗಿದಳು, ಮತ್ತೆ ಬಿಚ್ಚಿ ಸಡಿಲ ಮಾಡಿ ಕಟ್ಟಿದಳು.

"ಯಾವಾಗ ಗೊತ್ತಾಯ್ತು?"

"ಪೇಪರಲ್ಲಿ ನಿನ್ನ ಫೋಟೊ ಬಂದಿತ್ತಲ್ಲ, ಬೇಸಿಗೆಯಲ್ಲಿ. ಗೈಡುಗಳ ಬಗ್ಗೆ ಬರೆದಿದ್ರು. ಸಂಘಕ್ಕೆ ಫೋನ್ ಮಾಡಿ ಉಯಿ ಹಿಸಾನೊ ಅವರೇ ಬೇಕು ಅಂತ ಕೇಳಿದ್ದು ನಾನೇ. ಅದನ್ನ ನಿನಗೆ ಹೇಳಬೇಡಿ ಅಂದಿದ್ದೂ ನಾನೇ."

"ಅವರಿಗೆಲ್ಲ ಗೊತ್ತಾ?"

"ನಾನು ಹೇಳಿಲ್ಲ. ನೀನು ಹೇಳ್ತೀಯೋ ಇಲ್ವೋ ನೋಡೋಣ ಅಂತ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು, "ಬೇಕಂತಲೇ ಓಡಿಸಿದೆ, ಅಲ್ವಾ?"

ಇಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. "ಹೌದು," ಎಂದಳು ಹಿಸಾನೊ. "ತಪ್ಪಾಯ್ತು."

"ನಾನೂ ಬೇಕಂತಲೇ ನಿಲ್ಲಿ ಅನ್ನಲಿಲ್ಲ," ಎಂದಳು ತೊಮಿಯೆ. ಅವಳು ಕೈ ಚಾಚಿದಳು. ಹಿಸಾನೊ ಎಬ್ಬಿಸಿದಳು. ಹಕ್ಕಿಯಷ್ಟು ಹಗುರವಿದ್ದ ಆ ದೇಹ ಎದ್ದು ನಿಂತ ತಕ್ಷಣ ಮತ್ತೆ ನೆಟ್ಟಗಾಯಿತು.

ಅಲ್ಲಿಂದ ಮುಂದೆ ಅವರು ನಿಧಾನವಾಗಿ ನಡೆದರು. ಅಂಗಡಿಸಾಲಿನ ಮೆಟ್ಟಿಲು ಹತ್ತಿ, ಕರಿಕಲ್ಲಿನ ಬೊಂಬೆ ಮಾರುವವರನ್ನು ದಾಟಿ, ದೇವಸ್ಥಾನದ ಅಂಗಳದಲ್ಲಿ ಪೊಟರೆಬಿದ್ದ ಕರ್ಪೂರದ ಮರದೊಳಗೆ ನುಸುಳಿ ಹೊರಬಂದರು. ಮೊರಿಕಾಜು ಸಿಕ್ಕಿಹಾಕಿಕೊಂಡು ಎಲ್ಲರೂ ಅವನ ಕೈಹಿಡಿದು ಎಳೆಯಬೇಕಾಯಿತು. ಹಿಸಾನೊ ಹೇಳಬೇಕಾದುದನ್ನೆಲ್ಲ ಹೇಳಿದಳು, ಎಲ್ಲೂ ಒಂದು ಇಸವಿ ತಪ್ಪಲಿಲ್ಲ. ಒಳಗೆ ಮಾತ್ರ ಬೇರೊಂದು ಮಾತು ನಡೆದಿತ್ತು. ಇವಳು ನನ್ನನ್ನು ನೋಡಲು ಬಂದಿದ್ದಾಳೆ, ಜಲಪಾತವನ್ನಲ್ಲ. ಕೆಳಗೆ ಹೋದ ಮೇಲೆ ಎಲ್ಲರೆದುರು ನಗುತ್ತ ಹೇಳುತ್ತಾಳೆ: ಗುರುತು ಸಿಕ್ಕಿತಾ, ಇವಳೇ ನಮ್ಮ ಹಿಸಾ, ಹಡಗಿನವನ ಮಗಳು. ಆಗ ಇವರೆಲ್ಲ ಕೇಳುತ್ತಾರೆ, ನಿಮ್ಮಪ್ಪ ಹಡಗಿನಿಂದ ವಾಪಸು ಬಂದನಾ ಎಂದು. ಆ ಪ್ರಶ್ನೆಗೆ ಅರವತ್ತಾರನೆಯ ವಯಸ್ಸಿನಲ್ಲಿ ಇನ್ನೊಂದು ಸುಳ್ಳು ಹೇಳಬೇಕೆ? ಕೆಂಪು ಗೋಪುರದ ಬಳಿ ನಿಂತಾಗ ಕಣಿವೆಯಾಚೆ ಜಲಪಾತ ಪೂರ್ತಿಯಾಗಿ ಕಂಡಿತು. ಕಾಡಿನ ಹಸಿರನ್ನು ಮೇಲಿಂದ ಕೆಳಗೆ ಒಂದೇ ಗೀಟಿನಲ್ಲಿ ಸೀಳಿದ ಬಿಳಿ. ಹುಟ್ಟಿದಾಗಿನಿಂದ ನೋಡಿದವರೂ ಇಲ್ಲಿ ಒಂದು ಕ್ಷಣ ಸುಮ್ಮನಾಗುತ್ತಾರೆ. ಹಿಸಾನೊಗೆ ಪ್ರತಿಸಲವೂ ಇಲ್ಲಿ, ತಾನೇ ಅದನ್ನು ಅಲ್ಲಿ ನಿಲ್ಲಿಸಿಬಂದವಳಂತೆ, ಎದೆ ತುಂಬಿ ಬರುತ್ತಿತ್ತು. ಇವತ್ತು ಅದರ ಜೊತೆಗೆ ಒಂದು ನಿರ್ಧಾರವೂ ಬಂತು. ಅವಳು ಹೇಳುವ ಮೊದಲು ನಾನೇ ಹೇಳುತ್ತೇನೆ. ಅದು ಪಶ್ಚಾತ್ತಾಪವೋ, ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳಲಾರದ ಜಂಬವೋ ಅವಳಿಗೆ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳುವ ವ್ಯವಧಾನವೂ ಇರಲಿಲ್ಲ.

ಕೆಳಗಿಳಿದಾಗ ಸದ್ದು ಮೊದಲು ಕಾಲಿಗೆ ತಾಗಿತು, ಆಮೇಲೆ ಕಿವಿಗೆ. ಇಲ್ಲಿ ಗುಡಿಯಿಲ್ಲ, ಮೂರ್ತಿಯಿಲ್ಲ. ಬೀಳುವ ನೀರೇ ದೇವರು. ನೂರ ಮೂವತ್ತಮೂರು ಮೀಟರು ಮೇಲೆ, ನೀರು ಅಂಚು ಬಿಡುವ ಕಡೆ, ಇದು ದೇವರ ಜಾಗ ಎಂದು ಸಾರಲು ಕಟ್ಟಿದ ಹುಲ್ಲಿನ ದಪ್ಪ ಹಗ್ಗ ಒಂದು ಎಳೆ ದಾರದಷ್ಟು ಕಾಣುತ್ತಿತ್ತು. ಆರೂ ಜನ ಚಪ್ಪಾಳೆ ತಟ್ಟಿ ಕೈಮುಗಿದರು. ಹಿಸಾನೊ ಅವರನ್ನು ಬೇಲಿಯ ಎಡಗಡೆ, ನೆಲ ಸ್ವಲ್ಪ ಎತ್ತರವಾಗಿರುವಲ್ಲಿಗೆ ಕರೆದುಕೊಂಡು ಬಂದಳು. ದಿನವೂ ಇಲ್ಲಿ ಅವಳು ನೀರಿನ ಮಡುವಿನ ಆಳ ಹೇಳುತ್ತಾಳೆ, ಹಗ್ಗವನ್ನು ವರ್ಷಕ್ಕೆ ಎರಡು ಸಲ ಬದಲಿಸುವ ವಿಷಯ ಹೇಳುತ್ತಾಳೆ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹೇಳದ್ದನ್ನು ಅದೇ ದನಿಯಲ್ಲಿ, ಇಸವಿ ಹೇಳುವ ದನಿಯಲ್ಲಿ, ಹೇಳಿದಳು.

"ಈಗ ನೀವು ನಿಂತಿರೋ ಜಾಗದಲ್ಲಿ ಮೂವತ್ತೊಂದು ವರ್ಷ ಒಬ್ಬ ಫೋಟೊದವರು ನಿಂತಿದ್ರು. ಹೆಸರು ಶಿಯೊಜಾಕಿ ಕುಮಾಜಿ. ಇಲ್ಲಿ ಮರದ ಬೆಂಚುಗಳಿದ್ದವು, ಮೂರು ಸಾಲು. ನೀವೆಲ್ಲ ಆರನೇ ತರಗತಿಯಲ್ಲಿ ಅದರ ಮೇಲೆ ಕೂತು ಫೋಟೊ ತೆಗೆಸಿಕೊಂಡಿದೀರಿ. ಎರಡನೇ ಸಾಲಿನಲ್ಲಿ ಒಂದು ಹುಡುಗಿ ತಲೆ ತಗ್ಗಿಸಿದಾಳೆ, ಬೈತಲೆ ಮಾತ್ರ ಕಾಣುತ್ತೆ. ಅದು ನಾನು. ಪಕ್ಕದಲ್ಲಿದ್ದ ಹೊಸ ಮೇಷ್ಟ್ರು, ಆ ಮನುಷ್ಯ ನಿನ್ನನ್ನೇ ನೋಡ್ತಿದಾನಲ್ಲ, ಗೊತ್ತಾ ನಿನಗೆ, ಅಂತ ಕೇಳಿದ್ರು. ಗೊತ್ತಿಲ್ಲ, ಯಾರೋ, ಅಂದೆ. ಫೋಟೊದವರಿಗೆ ಕೇಳಿಸಿತು. ಕ್ಯಾಮೆರಾದ ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ಹಾಕಿ, ಎರಡನೇ ಸಾಲಿನವರು ದಯವಿಟ್ಟು ಸ್ವಲ್ಪ ಮುಖ ಎತ್ತಬೇಕು ಅಂತ, ಗಿರಾಕಿಗೆ ಹೇಳೋ ಹಾಗೆ ಬಹುವಚನದಲ್ಲಿ ನನಗೆ ಹೇಳಿದ್ರು. ಅವರು ನಮ್ಮಪ್ಪ."

ಹೇಳಿ ಮುಗಿಸಿದಾಗ ತನ್ನ ಕೈಗಳು ಹೊಟ್ಟೆಯ ಮುಂದೆ, ಗೈಡುಗಳು ಹಿಡಿಯಬೇಕಾದ ಹಾಗೆಯೇ, ಒಂದರ ಮೇಲೊಂದು ಇದ್ದುದನ್ನು ನೋಡಿದಳು. ಅವರ ಮುಖಗಳಲ್ಲಿ ಏನು ಬರುತ್ತದೆ ಎಂದು ಕಾದಳು. ಅಚ್ಚರಿ ಬರಲಿಲ್ಲ.

"ಹಿಸಾ," ಎಂದ ಮೊರಿಕಾಜು. "ಹೌದು, ಹಿಸಾನೇ. ಕಣ್ಣು ನೋಡು. ಮೆಟ್ಟಿಲ ಹತ್ರಾನೇ ಅನ್ನಿಸ್ತು, ಬಾಯಿಬಿಡಲಿಲ್ಲ." ಆಮೇಲೆ, ಹೇಳಬೇಕೋ ಬಾರದೋ ಎಂಬಂತೆ, "ಆದ್ರೆ ಅದು ನಮಗೆ ಗೊತ್ತಿತ್ತಲ್ಲ ಕಣೇ."

"ಯಾವುದು?"

"ಫೋಟೊದವರು ನಿಮ್ಮಪ್ಪ ಅಂತ. ಎಲ್ಲರಿಗೂ ಗೊತ್ತಿತ್ತು."

ಕೆಂಪು ಟೋಪಿಯ ಹೆಂಗಸು ನೆಲ ನೋಡುತ್ತ ತಲೆಯಾಡಿಸಿದಳು. ಹಿಸಾನೊಗೆ ಮೊದಲು ಬಂದದ್ದು ನಾಚಿಕೆಯಲ್ಲ, ಕೋಪ. ಆ ಪಡಸಾಲೆ. ತನ್ನಪ್ಪನನ್ನು ತಾನೇ ನಕಲು ಮಾಡುತ್ತಿದ್ದಾಗ ಅವರು ನಕ್ಕದ್ದು ಅವನನ್ನು ನೋಡಿ ಅಲ್ಲ, ತನ್ನನ್ನು ನೋಡಿ. ಮೂರು ವರ್ಷ ಅವಳು ಜೋಪಾನ ಮಾಡಿದ ಸುಳ್ಳು, ದೂರದ ಬಂದರುಗಳ ಹೆಸರು ಭೂಪಟ ನೋಡಿ ಕಲಿತು ಕಟ್ಟಿದ ಸುಳ್ಳು, ಮೂವತ್ತೆಂಟು ಮಕ್ಕಳ ದಯೆಯ ಮೇಲೆ ನಿಂತಿತ್ತು. ಐವತ್ತನಾಲ್ಕು ವರ್ಷ ಯಾರಿಗೂ ಗೊತ್ತಿಲ್ಲವೆಂದು ಅವಳು ಹೊತ್ತ ಅಪರಾಧಕ್ಕೆ ಇವರೆಲ್ಲ ಸಾಕ್ಷಿಗಳಾಗಿದ್ದರು, ಸುಮ್ಮನಿದ್ದರು. ಯಾರು ಕೇಳಿದ್ದರು ಇವರ ಕರುಣೆಯನ್ನು?

"ಮತ್ತೆ ಯಾಕೆ ಯಾರೂ ಅನ್ನಲಿಲ್ಲ? ಅಂದುಬಿಡಬಹುದಾಗಿತ್ತಲ್ಲ."

"ತೊಮಿಯೆ ಬಿಡ್ತಿರಲಿಲ್ಲ," ಎಂದ ಮೊರಿಕಾಜು. "ಬಾಯಿಬಿಟ್ಟವರ ಹಲ್ಲು ಉದುರಿಸ್ತೀನಿ ಅಂದಿದ್ಲು. ಉದುರಿಸೋಳೇ ಇವಳು."

ಎಲ್ಲರೂ ತೊಮಿಯೆಯ ಕಡೆ ನೋಡಿದರು. ಅವಳು ಕೋಲಿನ ಮೇಲೆ ಎರಡೂ ಕೈಯಿಟ್ಟು, ಪಟ್ಟಿ ಸುತ್ತಿದ ಅಂಗೈಯನ್ನು ಇನ್ನೊಂದರ ಕೆಳಗೆ ಮುಚ್ಚಿಕೊಂಡು ನಿಂತಿದ್ದಳು.

"ಅಷ್ಟು ಒಳ್ಳೆಯವಳು ಮಾಡಬೇಡ ನನ್ನ," ಎಂದಳು. "ಕೈಫುಕು ಹಡಗಲ್ಲಿ ಶಿಯೊಜಾಕಿ ಅನ್ನೋರು ಯಾರೂ ಇಲ್ಲ, ಜಲಪಾತದ ಫೋಟೊದವರೇ ಅವಳಪ್ಪ ಅಂತ ನಮ್ಮಮ್ಮನೇ ಹೇಳಿದ್ಲು ನನಗೆ. ಆ ಹಡಗಿನವರ ಮನೆಯೆಲ್ಲ ಅವಳಿಗೆ ಗೊತ್ತಿತ್ತು. ಹೇಳಿದ ಮೇಲೆ, ಆ ಮಗುಗೆ ಏನೂ ಅನ್ನಬೇಡ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡ್ಲು. ಅದಕ್ಕೆ ಸುಮ್ಮನಿದ್ದೆ, ಅಷ್ಟೆ. ನಾನಿಲ್ಲಿಗೆ ಬಂದಿದ್ದು ಅದಕ್ಕಲ್ಲ, ಹಿಸಾ. ನಿನಗೆ ತಲುಪಿಸಬೇಕಾದ ಮಾತೊಂದು ನನ್ನ ಹತ್ರ ಉಳಿದುಬಿಟ್ಟಿದೆ."

ಅವಳು ಹಿಸಾನೊಳನ್ನು ನೋಡದೆ, ನೀರನ್ನು ನೋಡುತ್ತ ಹೇಳತೊಡಗಿದಳು: ಅವತ್ತು ಫೋಟೊ ಆದ ಮೇಲೆ ನೀವೆಲ್ಲ ಮೆಟ್ಟಿಲ ಕಡೆ ಓಡಿದಿರಿ. ನಾನು ತರಗತಿಯ ನಾಯಕಿ, ಫೋಟೊದ ಪ್ರತಿ ಎಷ್ಟು ಬೇಕು ಅಂತ ಹೇಳಲು ಉಳಿದುಕೊಂಡೆ. ಅವರು ಕರಿ ಬಟ್ಟೆ ಮಡಚುತ್ತಿದ್ದರು. ನನಗೆ ಯಾಕೋ ಕೆಟ್ಟ ಬುದ್ಧಿ. ಅವರ ಮುಖ ಹೇಗಾಗುತ್ತೆ ನೋಡಬೇಕು ಅನ್ನಿಸಿತು.

"ಎರಡನೇ ಸಾಲಲ್ಲಿ ತಲೆ ತಗ್ಗಿಸಿದ್ಲಲ್ಲ, ಅವಳಪ್ಪ ಹಡಗಲ್ಲಿದಾನೆ, ಅಂದೆ. ಅವರು ಮಡಚೋದು ನಿಲ್ಲಿಸಿ, ಹೌದಾ, ಯಾವ ಹಡಗು ಅಂದ್ರು. ಕೈಫುಕು, ಅಂದೆ. ಅದು ಭಾರೀ ಹಡಗಲ್ವಾ, ಅಂದ್ರು. ಅದರಲ್ಲಿ ಗಟ್ಟಿ ಜನಕ್ಕೆ ಮಾತ್ರ ಕೆಲಸ ಕೊಡ್ತಾರೆ, ಅಂದ್ರು. ನಗ್ತಾನೇ ಹೇಳಿದ್ರು, ಹಿಸಾ. ನಾಟಕದ ನಗು ಅಲ್ಲ. ಆಮೇಲೆ ಬಟ್ಟೆ ಮಡಚಿ ಪೆಟ್ಟಿಗೆಯಲ್ಲಿಟ್ಟು, ನನ್ನ ಎತ್ತರಕ್ಕೆ ಬಗ್ಗಿ, ಆ ಹುಡುಗಿಗೆ ಒಂದು ಮಾತು ಹೇಳ್ತೀಯಾ ಮಗು, ಅಂದ್ರು. ಈ ವರ್ಷ ಹಿಡಿತ ಚೆನ್ನಾಗಿದೆಯಂತೆ, ಹೊಸ ವರ್ಷಕ್ಕೆ ನಿಮ್ಮಪ್ಪ ಮನೆಗೆ ಬರ್ತಾನಂತೆ, ಅಂತ ಹೇಳು."

ನೀರು ಬೀಳುತ್ತಲೇ ಇತ್ತು. ಹನಿಗಳು ಗಾಳಿಗೆ ತೇಲಿ ಬಂದು ಅವರ ಕೋಟುಗಳ ಮೇಲೆ ಕೂರುತ್ತಿದ್ದವು.

"ನೀನು ಹೇಳಲಿಲ್ಲ."

"ಹೇಳಲಿಲ್ಲ. ನಮ್ಮಪ್ಪ ನಿಜವಾಗಿ ಆ ಹಡಗಲ್ಲಿದ್ದ. ನಾನು ಹುಟ್ಟಿದ ಮೇಲೆ ಒಂದು ಹೊಸ ವರ್ಷ ಕೂಡ ಅವನು ಮನೆಯಲ್ಲಿರಲಿಲ್ಲ. ನಿನ್ನಪ್ಪ ಇಲ್ಲೇ, ಎಂಟು ಮೈಲಿ ಮೇಲೆ. ಅವರು ಬಂದೇ ಬರ್ತಾರೆ. ಹೊಟ್ಟೆ ಉರೀತು ಕಣೇ. ಹೇಳದೆ ಇಟ್ಕೊಂಡೆ. ಆಮೇಲೆ ನೀನು ಊರು ಬಿಟ್ಟೆ." ತೊಮಿಯೆ ಮೊದಲ ಬಾರಿಗೆ ತಿರುಗಿ ಅವಳನ್ನು ನೋಡಿದಳು. "ಈಗ ಹೇಳಿದೀನಿ. ಇನ್ನು ನನ್ನ ಮೇಲೆ ಭಾರ ಇಲ್ಲ. ನೀನು ಬೈಯೋದಿದ್ರೆ ಬೈ."

ಹಿಸಾನೊ ಬೈಯಲಿಲ್ಲ. ಅವಳ ಮನಸ್ಸು ಅಲ್ಲಿರಲೇ ಇಲ್ಲ. ದೊಡ್ಡಮ್ಮನ ಮನೆಯ ಹೊಸ್ತಿಲಿನಲ್ಲಿ ಅಪ್ಪ ನಿಂತಿದ್ದ. ಹೊಸ ವರ್ಷದ ಬೆಳಗು, ಒಂದು ಕೈಯಲ್ಲಿ ಕಿತ್ತಳೆಯ ಚೀಲ, ಇನ್ನೊಂದರಲ್ಲಿ ಒಣಮೀನಿನ ಕಟ್ಟು. ಹೆಗಲಿಗೆ ಎಲ್ಲಿಂದಲೋ ಕೇಳಿ ತಂದ ಮೀನುಗಾರರ ಎಣ್ಣೆಬಟ್ಟೆಯ ಕೋಟು, ಅಳತೆಗೆ ದೊಡ್ಡದು. ಅದು ಯಾಕೆಂದು ಅವಳಿಗೆ ತಿಳಿದಿರಲಿಲ್ಲ. ಚಳಿಗಿರಬೇಕು ಎಂದುಕೊಂಡಿದ್ದಳು. ಅವನು ಚಪ್ಪಲಿ ಬಿಡದೆ, ಅಲುಗಾಡುವ ಹಲಗೆಯ ಮೇಲೆ ನಿಂತವನಂತೆ ಎರಡೂ ಕಾಲು ಅಗಲಿಸಿ ನಿಂತು, ಗಂಟಲು ದಪ್ಪ ಮಾಡಿಕೊಂಡು, "ಈ ಸಲ ಹಿಡಿತ ಚೆನ್ನಾಗಿತ್ತು ಕಣಮ್ಮ," ಅಂದಿದ್ದ. ಅಂದು ಅವಳ ಮುಖವನ್ನೇ ನೋಡುತ್ತ ಕಾದಿದ್ದ. ಎಷ್ಟು ಹೊತ್ತು ಕಾದ? ದಾರಿಯಲ್ಲಿ ಎಲ್ಲೋ ಹಬ್ಬದ ಸಾಕೆ ಮದ್ಯ ಕುಡಿದು ಬಂದಿದ್ದಾನೆ, ಪಕ್ಕದ ಮನೆಯವರಿಗೆ ಕೇಳಿಸುತ್ತದೆ, ಎಂಬುದೊಂದೇ ಅವಳ ತಲೆಯಲ್ಲಿದ್ದದ್ದು. "ಬಾಗಿಲು ಹಾಕಪ್ಪ," ಅಂದಿದ್ದಳು. ಅವನು ಬಾಗಿಲು ಹಾಕಿ, ಚಪ್ಪಲಿ ಬಿಟ್ಟು, ಕೋಟು ತೆಗೆದು ಮಡಚಿದ್ದ. ಅಷ್ಟೆ. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ್ದ, ಆ ಮಾತು ಮತ್ತೆ ಆಡಲಿಲ್ಲ.

ಅವನು ಸಿಟ್ಟಾಗಿರಲಿಲ್ಲ. ಅವಳು ಕ್ಷಮೆ ಕೇಳಲಾರದೆ ಇಟ್ಟುಕೊಂಡಿದ್ದುದಕ್ಕೆಲ್ಲ ಅವನು ಫೋಟೊ ತೆಗೆದ ದಿನವೇ, ಕರಿ ಬಟ್ಟೆ ಮಡಚುವಷ್ಟು ಹೊತ್ತಿನಲ್ಲಿ, ಉತ್ತರ ಕೊಟ್ಟು ಮುಗಿಸಿದ್ದ. ಮಗಳಿಗೆ ಹಡಗಿನ ಅಪ್ಪ ಬೇಕಿದ್ದರೆ ಅದೂ ಆಗಲಿ ಎಂದು ಕೋಟು ಹುಡುಕಿಕೊಂಡು ಬಂದಿದ್ದ. ದಿನಕ್ಕೆ ನೂರು ಸಲ ಅಪರಿಚಿತರನ್ನು ನಗಿಸುತ್ತಿದ್ದ ಆ ಮನುಷ್ಯ ಅವತ್ತು ಎಂಟು ಮೈಲಿ ಇಳಿದು ಒಬ್ಬಳನ್ನು ನಗಿಸಲು ಬಂದಿದ್ದ. ಹಿಸಾನೊಗೆ ಅಳು ಬರುತ್ತದೆ ಎಂದು ಎಲ್ಲರೂ ಕಾಯುತ್ತಿದ್ದಂತಿತ್ತು. ಕೆಂಪು ಟೋಪಿಯವಳು ಕರವಸ್ತ್ರವನ್ನೂ ಹೊರಗೆ ತೆಗೆದಿದ್ದಳು. ಬಂದದ್ದು ನಗು. ಮೂಗಿನಿಂದ, ತಡೆಯಲಾಗದೆ, ಅಸಭ್ಯವಾಗಿ ಬಂದ ನಗು. "ಎಣ್ಣೆಕೋಟು ಹಾಕ್ಕೊಂಡು ಬಂದಿದ್ರು," ಎಂದಳು. "ಹೊಸ ವರ್ಷಕ್ಕೆ. ಬಂದ್ರು ತೊಮಿಯೆ. ಹಡಗಿನವರ ಹಾಗೆ ಕಾಲು ಅಗಲ ಮಾಡ್ಕೊಂಡು ನಿಂತ್ಕೊಂಡ್ರು. ನನಗೆ ಅರ್ಥವೇ ಆಗಲಿಲ್ಲ." ಹೇಳುತ್ತಾ ಕಾಲು ಅಗಲಿಸಿ ತೋರಿಸಿದಳು. ಮೊರಿಕಾಜು ಮೊದಲು ನಕ್ಕ. ಆಮೇಲೆ, ಬಾಯಿ ಮುಚ್ಚಿಕೊಂಡು, ಹೆಗಲು ಕುಣಿಸುತ್ತ, ತೊಮಿಯೆ. ಅವಳು ನಗುವುದನ್ನು ಹಿಸಾನೊ ಹಿಂದೆಂದೂ ನೋಡಿರಲಿಲ್ಲ. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಏರಿದ್ದವು, ಅದಕ್ಕೇ ಶಾಲೆಯಲ್ಲಿ ನಗುತ್ತಿರಲಿಲ್ಲವೋ ಏನೋ.

ಅಷ್ಟರಲ್ಲಿ ಮೆಟ್ಟಿಲಿನಿಂದ ನಗೋಯಾದ ದೊಡ್ಡ ಗುಂಪೊಂದು ಇಳಿದು ಬಂತು. ಬಾವುಟ ಹಿಡಿದ ಅವರ ಗೈಡು, ಫೋಟೊ ತೆಗೆಯಲು ಅದೇ ಎತ್ತರದ ಜಾಗ ಬೇಕಾಗಿ, ಪಕ್ಕದಲ್ಲಿ ನಿಂತು ಗಡಿಯಾರ ನೋಡತೊಡಗಿದಳು. ಮೊರಿಕಾಜು ಮೊಬೈಲು ತೆಗೆದು ಆ ಗೈಡಿನ ಕಡೆ ಚಾಚಿದ.

"ಅಮ್ಮಾ, ನಮ್ಮದೊಂದು ಫೋಟೊ ತೆಗೀತೀರಾ? ಹಿಸಾ, ನೀನು ಮಧ್ಯಕ್ಕೆ ಬಾ. ಈ ಸಲನಾದ್ರೂ ಮುಖ ಎತ್ತು."

"ಇಲ್ಲಿ ಕೊಡು," ಎಂದಳು ಹಿಸಾನೊ.

"ನೀನು ತೆಗೆದ್ರೆ ಫೋಟೊದಲ್ಲಿ ಬರೋದು ಹೇಗೆ?"

"ನಾನು ಬರೋದು ಬೇಡ. ಇಲ್ಲಿ ತೆಗೆಯೋದು ನಮ್ಮ ಮನೆ ಕೆಲಸ." ಮೊಬೈಲು ಅವನ ಕೈಯಿಂದ ತೆಗೆದುಕೊಂಡು, ಬಾವುಟದ ಗೈಡಿನ ಕಡೆ ತಿರುಗಿ ತಲೆ ಬಾಗಿಸಿ, "ಎರಡು ನಿಮಿಷ ಕಾಯಬೇಕು. ನಮ್ಮಪ್ಪನ ಜಾಗ ಇದು," ಎಂದಳು. ಆ ಗೈಡು ಏನೂ ತಿಳಿಯದೆ ಬಾವುಟ ಕೆಳಗಿಳಿಸಿದಳು.

ಆರು ಜನರನ್ನು ಅವಳು ಎತ್ತರ ನೋಡಿ ನಿಲ್ಲಿಸಿದಳು. ಮೊರಿಕಾಜುವನ್ನು ಅಂಚಿಗೆ ಹಾಕಿದಳು, ಮಡು ಮರೆಯಾಗದ ಹಾಗೆ. ತೊಮಿಯೆಯ ಕೋಲನ್ನು ಇಸಿದುಕೊಂಡು ಬೇಲಿಗೆ ಒರಗಿಸಿದಳು. ಅದಿಲ್ಲದೆಯೂ ಅವಳು ನಿಲ್ಲಬಲ್ಲಳು. ಆಮೇಲೆ ಹಿಂದಕ್ಕೆ ಹಿಂದಕ್ಕೆ ಸರಿದು, ಬಲಕ್ಕೆ ಒಂದು ಹೆಜ್ಜೆ ಇಟ್ಟು, ಒದ್ದೆ ಕಲ್ಲಿನ ಮೇಲೆ ಮೊಣಕಾಲೂರಿದಳು. ನಿಂತು ತೆಗೆಯುವವರಿಗೆ ಈ ಜಲಪಾತದ ತಲೆ ಸಿಕ್ಕರೆ ಬುಡ ಸಿಗುವುದಿಲ್ಲ, ಬುಡ ಸಿಕ್ಕರೆ ತಲೆ ಇಲ್ಲ. ಇಲ್ಲಿ, ಇಷ್ಟು ಕೆಳಗೆ ಬಗ್ಗಿದವರಿಗೆ ಮಾತ್ರ ಮೇಲಿನ ಹಗ್ಗದಿಂದ ಕೆಳಗಿನ ಬಂಡೆಯವರೆಗೆ ಪೂರ್ತಿ ಕಾಣುತ್ತದೆ. ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಅಪ್ಪನ ಪ್ಯಾಂಟಿನ ಮೊಣಕಾಲು ಯಾವಾಗಲೂ ಒದ್ದೆಯಾಗಿರುತ್ತಿದ್ದುದು ಮಾತ್ರ ಅವಳಿಗೆ ಗೊತ್ತಿತ್ತು. ಅವನು ಒಂದು ಗುಂಪಿಗೆ ಒಂದೇ ಸಲ ತೆಗೆಯುತ್ತಿದ್ದ, ಎರಡನೆಯದು ಎಂಬುದಿರಲಿಲ್ಲ. ಅವಳು ಉಸಿರು ಹಿಡಿದು, ಆರು ಮುಖಗಳನ್ನು ಒಂದೊಂದಾಗಿ ನೋಡಿ, ಕಾದು, ಒತ್ತಿದಳು. ಎದ್ದಳು.

"ಇನ್ನೊಂದು ತೆಗಿ," ಎಂದ ಮೊರಿಕಾಜು. "ನಾನು ಕಣ್ಣು ಮುಚ್ಚಿದೆ ಅನ್ಸುತ್ತೆ."

"ಮುಚ್ಚಿಲ್ಲ."

"ಒಂದು ಸಲ ತೆರೆದು ನೋಡಿಯಾದ್ರೂ ಹೇಳು ಮಾರಾಯ್ತಿ."

"ನೋಡಿಯೇ ತೆಗೆದಿದ್ದು," ಎಂದಳು ಹಿಸಾನೊ, ಮೊಬೈಲನ್ನು ಅವನ ಕೈಗಿಟ್ಟು.